ಹೊಟ್ಟೆಯ ಸುತ್ತಳತೆ, ರಕ್ತನಾಳದ ಗೋಡೆ



ಈ ಪಾಠ ನಮ್ಮ ಮೈಯ ಬಗ್ಗೆ. ನಿಧಾನವಾಗಿ ಓದಿ. ಕಷ್ಟದ ಪದ ಬಂದರೆ ಬಿಡಿಸಿ ಓದಿ. ಒಬ್ಬರು ಓದಿ, ಉಳಿದವರು ಕೇಳಿ. ಆಮೇಲೆ ಎಲ್ಲರೂ ಮಾತಾಡಿ.

1. ಮೈಯೊಳಗಿನ ಕೊಳವೆಗಳು

ನಿಮ್ಮ ಮುಷ್ಟಿ ಬಿಗಿಹಿಡಿಯಿರಿ. ನಿಮ್ಮ ಹೃದಯ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಅದು ಒಂದು ಪಂಪು. ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ. ನಾವು ಮಲಗಿದರೂ ಅದು ಮಲಗುವುದಿಲ್ಲ.

ಹೃದಯ ರಕ್ತವನ್ನು ಒತ್ತಿ ಕಳಿಸುತ್ತದೆ. ಆ ರಕ್ತ ಕೊಳವೆಗಳಲ್ಲಿ ಹರಿದು ಮೈಗೆಲ್ಲ ಹೋಗುತ್ತದೆ. ಹೃದಯದಿಂದ ಹೊರಕ್ಕೆ ರಕ್ತ ಒಯ್ಯುವ ಕೊಳವೆಗೆ ಅಪಧಮನಿ ಎನ್ನುತ್ತಾರೆ. ಬಿಡಿಸಿ ಓದಿ: ಅ-ಪ-ಧ-ಮ-ನಿ. ಈ ಪಾಠದಲ್ಲಿ ಅದನ್ನೇ ರಕ್ತನಾಳ ಅಂತ ಕರೆಯೋಣ.

ನಿಮ್ಮ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಕೆಳಗೆ, ಎರಡು ಬೆರಳು ಇಟ್ಟು ನೋಡಿ. ಟಕ್ ಟಕ್ ಅಂತ ಬಡಿಯುತ್ತದೆ. ಅದೇ ನಾಡಿ. ಅಲ್ಲಿ ಒಂದು ಅಪಧಮನಿ ಇದೆ. ಪ್ರತಿ ಬಡಿತಕ್ಕೂ ಅದು ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ.

ತೋಟದ ಪೈಪಿಗೂ ರಕ್ತನಾಳಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಪೈಪಿಗೆ ಜೀವ ಇಲ್ಲ. ರಕ್ತನಾಳದ ಗೋಡೆಗೆ ಜೀವ ಇದೆ.

2. ಗೋಡೆಗೆ ಮೂರು ಪದರ

ಬಾಳೆಗಿಡದ ಕಾಂಡವನ್ನು ಅಡ್ಡ ಕೊಯ್ದರೆ ಪದರ ಪದರ ಕಾಣುತ್ತದೆ ಅಲ್ಲವೇ? ರಕ್ತನಾಳದ ಗೋಡೆಗೂ ಪದರಗಳಿವೆ. ಒಟ್ಟು ಮೂರು.

ಹೊರಪದರ: ಇದು ನಾಳವನ್ನು ಹಿಡಿದು ನಿಲ್ಲಿಸುತ್ತದೆ.

ನಡುಪದರ: ಇದು ಸ್ನಾಯು. ಬಿಗಿಯುತ್ತದೆ, ಸಡಿಲವಾಗುತ್ತದೆ.

ಒಳಪದರ: ಇದರ ಮೈಯನ್ನು ರಕ್ತ ಸದಾ ಮುಟ್ಟುತ್ತಾ ಹರಿಯುತ್ತದೆ. ಆ ಒಳಮೈ ಹಾಲಿನ ಕೆನೆಗಿಂತ ತೆಳು. ಒಂದೇ ಒಂದು ಸಾಲು ಜೀವಕೋಶ ಹಾಸಿದಂತೆ ಇರುತ್ತದೆ.

ತೆಳುವಾದರೂ ಒಳಪದರದ ಕೆಲಸ ದೊಡ್ಡದು. ರಕ್ತ ಜಾರಿಕೊಂಡು ಹೋಗುವಂತೆ ನುಣುಪಾಗಿ ಇರುತ್ತದೆ. ಬೇಡದ್ದನ್ನು ಒಳಗೆ ಬಿಡುವುದಿಲ್ಲ. ನಡುಪದರಕ್ಕೆ "ಸಡಿಲವಾಗು" ಅಂತ ಹೇಳಿ ಕಳಿಸುತ್ತದೆ.

ಒಳಪದರ ಹೀಗೆ ಹೇಳಿ ಕಳಿಸುತ್ತದೆ ಎಂದು ಗೊತ್ತಾದ ಕಥೆ ಚೆನ್ನಾಗಿದೆ. 1980ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಒಂದು ವಿಷಯ ತೋರಿಸಿದರು. ಅವರು ಮೊಲದ ರಕ್ತನಾಳದ ತುಂಡುಗಳನ್ನು ಪರೀಕ್ಷೆ ಮಾಡುತ್ತಿದ್ದರು. ಒಳಪದರ ಇದ್ದ ತುಂಡಿಗೆ ಒಂದು ಔಷಧಿ ಹಾಕಿದರೆ ಅದು ಸಡಿಲವಾಯಿತು. ಒಳಪದರ ಉಜ್ಜಿಹೋಗಿದ್ದ ತುಂಡು ಸಡಿಲವಾಗಲೇ ಇಲ್ಲ. ಹಾಗಾದರೆ ಒಳಪದರವೇ ಏನನ್ನೋ ಕಳಿಸುತ್ತಿದೆ ಎಂದಾಯಿತು. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಆಮೇಲೆ ತಿಳಿಯಿತು. ಈ ಕೆಲಸಕ್ಕೆ 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ, ಫೆರಿಡ್ ಮುರಾದ್ ಎಂಬ ಮೂವರಿಗೆ ನೊಬೆಲ್ ಬಹುಮಾನ ಬಂತು.

ಒಳಪದರ ಚೆನ್ನಾಗಿದ್ದರೆ ನಾಳ ಚೆನ್ನಾಗಿರುತ್ತದೆ. ಒಳಪದರ ಕೆಟ್ಟರೆ ಗೋಡೆಯೇ ಕೆಡುತ್ತದೆ.

3. ಬೊಜ್ಜು ಎಲ್ಲಿ ಕೂಡುತ್ತದೆ?

ತಿಂದದ್ದು ಹೆಚ್ಚಾಗಿ, ಮೈ ಆಡುವುದು ಕಡಿಮೆಯಾದರೆ, ಉಳಿದದ್ದು ಕೊಬ್ಬಾಗುತ್ತದೆ. ಕೊಬ್ಬು ಎರಡು ಜಾಗದಲ್ಲಿ ಕೂಡುತ್ತದೆ. ಒಂದು, ಚರ್ಮದ ಕೆಳಗೆ. ತೊಡೆ, ತೋಳು, ಸೊಂಟದಲ್ಲಿ ಇರುವುದು ಇದು. ಇನ್ನೊಂದು, ಹೊಟ್ಟೆಯ ಒಳಗೆ. ಕರುಳು, ಯಕೃತ್ತಿನ ಸುತ್ತ ಕೂಡುವುದು ಇದು. ಎರಡನೆಯದು ಹೆಚ್ಚು ಅಪಾಯ.

ಹೊಟ್ಟೆಯ ಬೊಜ್ಜು ಮೂಟೆಯ ಹಾಗೆ ಸುಮ್ಮನೆ ಕೂತಿರುವುದಿಲ್ಲ. ಅದು ಕೆಲಸ ಮಾಡುತ್ತದೆ. ಆದರೆ ಕೆಟ್ಟ ಕೆಲಸ.

ಕಾಲಿಗೆ ಮುಳ್ಳು ಚುಚ್ಚಿದರೆ ಸುತ್ತ ಕೆಂಪಾಗುತ್ತದೆ, ಊದುತ್ತದೆ. ಇದಕ್ಕೆ ಉರಿಯೂತ ಎನ್ನುತ್ತಾರೆ. ಹೊಟ್ಟೆಯ ಬೊಜ್ಜು ಉರಿಯೂತ ತರುವ ಪದಾರ್ಥಗಳನ್ನು ರಕ್ತಕ್ಕೆ ಬಿಡುತ್ತದೆ. ಮುಳ್ಳಿನ ಗಾಯ ನೋಯುತ್ತದೆ, ನಾಲ್ಕು ದಿನಕ್ಕೆ ಮಾಯುತ್ತದೆ. ಈ ಉರಿಯೂತ ನೋಯುವುದಿಲ್ಲ. ವರ್ಷಗಟ್ಟಲೆ ಸಣ್ಣಗೆ ಇರುತ್ತದೆ, ಬೂದಿ ಮುಚ್ಚಿದ ಕೆಂಡದ ಹಾಗೆ.

ಬೊಜ್ಜಿನಿಂದ ಇನ್ನೂ ಮೂರು ತೊಂದರೆ ಬರುತ್ತವೆ. ಬಿ.ಪಿ. ಏರುತ್ತದೆ. ಇನ್ಸುಲಿನ್ ಮಾತನ್ನು ಮೈ ಕೇಳುವುದಿಲ್ಲ, ಸಕ್ಕರೆ ಏರುತ್ತದೆ. ರಕ್ತದಲ್ಲಿ ಕೆಟ್ಟ ಕೊಬ್ಬು ಹೆಚ್ಚಿ ಒಳ್ಳೆಯ ಕೊಬ್ಬು ಕಡಿಮೆಯಾಗುತ್ತದೆ. ಇವೆಲ್ಲವೂ ಸೇರಿ ಆ ತೆಳು ಒಳಪದರದ ಮೇಲೆ ಬೀಳುತ್ತವೆ.

4. ಗೋಡೆ ಹೇಗೆ ಕೆಡುತ್ತದೆ?

ಪಾತ್ರೆಗೆ ಜಿಡ್ಡು ಹತ್ತಿದ ಹಾಗೆ ರಕ್ತನಾಳಕ್ಕೆ ಕೊಬ್ಬು ಮೆತ್ತಿಕೊಳ್ಳುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಗೋಡೆಯ ಒಳಗೇ ಸೇರುತ್ತದೆ.

ಮನೆಯ ಗೋಡೆ ನೆನೆಸಿಕೊಳ್ಳಿ. ಗಾರೆ ಬಿರುಕು ಬಿಟ್ಟರೆ ಮಳೆನೀರು ಒಳಗೆ ಇಳಿಯುತ್ತದೆ. ಹೊರಗಿನಿಂದ ಗೋಡೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಗಾರೆಯ ಹಿಂದೆ ತೇವ ಸೇರಿ ಉಬ್ಬುತ್ತದೆ. ಒಂದು ದಿನ ಗಾರೆ ಕಳಚಿ ಬೀಳುತ್ತದೆ.

ರಕ್ತನಾಳದಲ್ಲೂ ಹೀಗೇ ಆಗುತ್ತದೆ.

ಮೊದಲು ಒಳಪದರ ಸೊರಗುತ್ತದೆ. "ಸಡಿಲವಾಗು" ಅಂತ ಹೇಳುವುದನ್ನು ಕಡಿಮೆ ಮಾಡುತ್ತದೆ. ನಾಳ ಬಿಗಿಯುತ್ತದೆ.

ಆಮೇಲೆ ಕೆಟ್ಟ ಕೊಬ್ಬು ಒಳಪದರ ದಾಟಿ ಗೋಡೆಗೆ ಇಳಿಯುತ್ತದೆ. ಅದನ್ನು ತೆಗೆಯಲು ರಕ್ತದ ಬಿಳಿ ಕಣಗಳು ಬರುತ್ತವೆ. ಕೊಬ್ಬು ತಿಂದು ಅವೂ ಅಲ್ಲೇ ಸಾಯುತ್ತವೆ. ಗಡ್ಡೆ ಬೆಳೆಯುತ್ತದೆ.

ಗೋಡೆ ದಪ್ಪವಾಗುತ್ತದೆ, ಗಡುಸಾಗುತ್ತದೆ. ಹಳೆಯ ಲಂಗದ ಎಲಾಸ್ಟಿಕ್ ಬಿರುಸಾದ ಹಾಗೆ ಹಿಗ್ಗುವ ಗುಣ ಹೋಗುತ್ತದೆ. ಆಗ ಹೃದಯ ಇನ್ನೂ ಜೋರಾಗಿ ಒತ್ತಬೇಕು. ಬಿ.ಪಿ. ಮತ್ತೂ ಏರುತ್ತದೆ.

ಕೊನೆಗೆ ಒಂದು ದಿನ ಗಡ್ಡೆಯ ಮೇಲಿನ ಪೊರೆ ಒಡೆಯಬಹುದು. ಒಡೆದ ಕಡೆ ರಕ್ತ ಹೆಪ್ಪುಗಟ್ಟುತ್ತದೆ. ದಾರಿ ಮುಚ್ಚುತ್ತದೆ. ಹೃದಯದ ನಾಳ ಮುಚ್ಚಿದರೆ ಹೃದಯಾಘಾತ. ಮಿದುಳಿನ ನಾಳ ಮುಚ್ಚಿದರೆ ಲಕ್ವ.

ಈ ಕೊನೆಯ ದಿನದವರೆಗೂ ನೋವು ಇಲ್ಲದೆ ಇರಬಹುದು. ಇದನ್ನು ಮರೆಯಬೇಡಿ.

5. ನಡುವಯಸ್ಸಿನ ಹೆಂಗಸರಿಗೆ ಏಕೆ ಹೆಚ್ಚು ಎಚ್ಚರ?

ಮುಟ್ಟಾಗುವ ವಯಸ್ಸಿನಲ್ಲಿ ನಮ್ಮ ಮೈಯಲ್ಲಿ ಈಸ್ಟ್ರೋಜನ್ ಎಂಬ ರಸ ಸಾಕಷ್ಟು ಇರುತ್ತದೆ. ಅದು ರಕ್ತನಾಳದ ಒಳಪದರಕ್ಕೆ ಒತ್ತಾಸೆ. 45ರಿಂದ 50ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ಆಗ ಈ ರಸ ಬಹಳ ಕಡಿಮೆಯಾಗುತ್ತದೆ. ಒಳಪದರದ ಒತ್ತಾಸೆ ಹೋಗುತ್ತದೆ. ಕೆಟ್ಟ ಕೊಬ್ಬು ಏರುತ್ತದೆ. ತೊಡೆ, ಸೊಂಟಕ್ಕೆ ಹೋಗುತ್ತಿದ್ದ ಬೊಜ್ಜು ಹೊಟ್ಟೆಗೆ ಸೇರತೊಡಗುತ್ತದೆ.

ಹೀಗಾಗಿ ಮುಟ್ಟು ನಿಂತಿತು, ಇನ್ನು ಚಿಂತೆ ಇಲ್ಲ ಅನ್ನಬಾರದು. ಆಗಲೇ ರಕ್ತನಾಳದ ಚಿಂತೆ ಶುರುವಾಗಬೇಕು.

ಇದು ಪಟ್ಟಣದವರ ಕಾಯಿಲೆ ಮಾತ್ರ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 15ರಿಂದ 49 ವರ್ಷದ ಹೆಂಗಸರ ತೂಕ ನೋಡಿತು. ದೇಶದಲ್ಲಿ ನೂರಕ್ಕೆ 24 ಜನರ ತೂಕ ಹೆಚ್ಚಿತ್ತು. ನಮ್ಮ ಕರ್ನಾಟಕದಲ್ಲಿ ನೂರಕ್ಕೆ 30 ಜನರದು ಹೆಚ್ಚಿತ್ತು.

ಬೇರೆ ದೇಶದಲ್ಲೂ ಇದನ್ನು ಬಹಳ ಕಾಲ ನೋಡಿದ್ದಾರೆ. ಅಮೆರಿಕದಲ್ಲಿ ಫ್ರಾಮಿಂಗ್‌ಹ್ಯಾಮ್ ಎಂಬ ಊರಿದೆ. ಅಲ್ಲಿ 1948ರಲ್ಲಿ 5,209 ಗಂಡಸರು, ಹೆಂಗಸರನ್ನು ಪರೀಕ್ಷೆ ಮಾಡಲು ಶುರು ಮಾಡಿದರು. ಎರಡು ವರ್ಷಕ್ಕೊಮ್ಮೆ ಅವರನ್ನೇ ಮತ್ತೆ ಮತ್ತೆ ಕರೆದು ನೋಡಿದರು. 26 ವರ್ಷದ ಲೆಕ್ಕ 1983ರಲ್ಲಿ ಅಚ್ಚಾಯಿತು. ಬಿ.ಪಿ., ಕೊಲೆಸ್ಟರಾಲ್ ಮುಂತಾದವನ್ನು ಬದಿಗಿಟ್ಟು ಲೆಕ್ಕ ಹಾಕಿದರೂ ಬೊಜ್ಜೇ ಹೃದಯಕ್ಕೆ ಅಪಾಯ ಎಂದು ಕಂಡುಬಂತು. ಹೆಂಗಸರಲ್ಲಿ ಇದು ಚೆನ್ನಾಗಿ ಎದ್ದು ಕಂಡಿತು.

6. ಬಸ್ಸಿನ ಡ್ರೈವರ್, ಬಸ್ಸಿನ ಕಂಡಕ್ಟರ್

ಇದು ಲಂಡನ್ ಪಟ್ಟಣದ ಕಥೆ. ಅಲ್ಲಿ ಎರಡು ಅಂತಸ್ತಿನ ಬಸ್ಸುಗಳಿದ್ದವು. ಡ್ರೈವರ್ ದಿನವಿಡೀ ಕೂತಿರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡಲು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಜೆರ್ರಿ ಮಾರಿಸ್ ಎಂಬ ಡಾಕ್ಟರು ಇಬ್ಬರ ಆರೋಗ್ಯವನ್ನೂ ಹೋಲಿಸಿದರು. ಕಂಡಕ್ಟರುಗಳಿಗಿಂತ ಡ್ರೈವರುಗಳಿಗೆ ಹೃದಯದ ಕಾಯಿಲೆ ಹೆಚ್ಚು ಎಂದು 1953ರಲ್ಲಿ ಬರೆದರು.

ಅಷ್ಟಕ್ಕೇ ಬಿಡಲಿಲ್ಲ. ಇಬ್ಬರಿಗೂ ಕಂಪನಿಯೇ ಸಮವಸ್ತ್ರ ಹೊಲಿಸಿ ಕೊಡುತ್ತಿತ್ತು. ಆ ಅಳತೆ ಪುಸ್ತಕಗಳನ್ನು ತೆಗೆದು ನೋಡಿದರು. ಡ್ರೈವರುಗಳ ಪ್ಯಾಂಟಿನ ಸುತ್ತಳತೆ ಕಂಡಕ್ಟರುಗಳದಕ್ಕಿಂತ ದೊಡ್ಡದಿತ್ತು! ಇದನ್ನು 1956ರಲ್ಲಿ ಬರೆದರು. ಅವರೆಲ್ಲ ಗಂಡಸರು. ಆದರೆ ಪಾಠ ನಮಗೂ ಸಲ್ಲುತ್ತದೆ. ಟೈಲರ ಟೇಪು ಕೂಡ ಆರೋಗ್ಯದ ವಿಷಯ ಹೇಳುತ್ತದೆ.

7. ಅಳೆದು ನೋಡೋಣ

ಈಗ ನಿಮಗೆ ಅಂಕಿ ಓದಲು ಬರುತ್ತದೆ. ಟೈಲರ ಟೇಪು ತೆಗೆದುಕೊಳ್ಳಿ. ಒಂದು ಬದಿ ಇಂಚು ಇರುತ್ತದೆ. ಇನ್ನೊಂದು ಬದಿ ಸೆಂಟಿಮೀಟರ್ ಇರುತ್ತದೆ. ಸೆಂಟಿಮೀಟರ್ ಬದಿ ನೋಡಿ.

1. ನೆಟ್ಟಗೆ ನಿಲ್ಲಿ. ಸೀರೆಯ ನೆರಿಗೆ, ಗಂಟು ಸಡಿಲಿಸಿ.
2. ಪಕ್ಕೆಲುಬಿನ ಕೊನೆ ಮುಟ್ಟಿ ನೋಡಿ. ಸೊಂಟದ ಮೂಳೆಯ ಮೇಲ್ತುದಿ ಮುಟ್ಟಿ ನೋಡಿ. ಎರಡರ ನಡುಮಧ್ಯೆ ಟೇಪು ಸುತ್ತಿ.
3. ಟೇಪು ಎಲ್ಲ ಕಡೆ ಒಂದೇ ಸಮ ಇರಲಿ. ಬಿಗಿಯಬೇಡಿ.
4. ಸಹಜವಾಗಿ ಉಸಿರು ಬಿಡಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಟೇಪಿಗೆ ಮೋಸ ಮಾಡಿದರೆ ನಮಗೇ ಮೋಸ.
5. ಅಂಕಿ ಓದಿ. ತಾರೀಕು ಹಾಕಿ ಬರೆದಿಡಿ.

ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ಗೆರೆ. ಅಂದರೆ ಸುಮಾರು ಮೂವತ್ತೊಂದೂವರೆ ಇಂಚು. ಅದಕ್ಕಿಂತ ಹೆಚ್ಚಿದ್ದರೆ ಎಚ್ಚರ. 90 ದಾಟಿದ್ದರೆ ಇನ್ನೂ ಹೆಚ್ಚು ಎಚ್ಚರ. (ಬಸುರಿಯರು ಈ ಅಳತೆ ನೋಡಬೇಡಿ.)

ಆಶಾ ಕಾರ್ಯಕರ್ತೆ ಮನೆಗೆ ಬಂದು 30 ವರ್ಷ ದಾಟಿದವರ ಒಂದು ಫಾರಂ ತುಂಬುತ್ತಾರೆ. ಅದರಲ್ಲಿ ಈ ಅಳತೆಯೂ ಇದೆ. ಹೆಂಗಸರಿಗೆ 80ರ ತನಕ ಸೊನ್ನೆ ಅಂಕ. 81ರಿಂದ 90ಕ್ಕೆ 1 ಅಂಕ. 90 ದಾಟಿದರೆ 2 ಅಂಕ. ಪರೀಕ್ಷೆಯಲ್ಲಿ ಅಂಕ ಹೆಚ್ಚಿದರೆ ಒಳ್ಳೆಯದು. ಇಲ್ಲಿ ಅಂಕ ಕಡಿಮೆಯಾದರೆ ಒಳ್ಳೆಯದು! ನಿಮ್ಮ ಫಾರಂ ಕೇಳಿ ಪಡೆದು ನೀವೇ ಓದಿ.

8. ಕೇಳಿದ್ದಕ್ಕೆ ಉತ್ತರ

ಕಲಿಕಾ ಕೇಂದ್ರದಲ್ಲಿ ಅಕ್ಕಂದಿರು ಕೇಳುವ ಪ್ರಶ್ನೆಗಳು ಇವು.

*ದಪ್ಪ ಇದ್ರೆ ಮನೆ ಕಡೆ ಚೆನ್ನಾಗಿದ್ದಾರೆ ಅಂತಾರಲ್ಲ?*
ಊಟಕ್ಕೇ ಕಷ್ಟವಿದ್ದ ಕಾಲದ ಮಾತು ಅದು. ರಕ್ತನಾಳಕ್ಕೆ ಸಿರಿತನ ಗೊತ್ತಿಲ್ಲ.

*ನನ್ನ ಕೈಕಾಲು ಸಣ್ಣ. ಹೊಟ್ಟೆ ಮಾತ್ರ ಇದೆ. ನಂಗೇನು ಆಗಲ್ಲ ಅಲ್ವಾ?*
ಹೊಟ್ಟೆ ಇದ್ದರೆ ಎಚ್ಚರ ಬೇಕು. ಅದಕ್ಕೇ ತೂಕದ ಜೊತೆ ಸುತ್ತಳತೆಯನ್ನೂ ನೋಡುವುದು.

*ಬೆಳಗಾಗೆದ್ದು ರಾತ್ರಿವರೆಗೂ ದುಡಿತೀನಿ. ಮತ್ತೆ ವಾಕಿಂಗ್ ಯಾಕೆ?*
ಗದ್ದೆ, ತೋಟದಲ್ಲಿ ದಿನವೂ ಮೈಮುರಿದು ದುಡಿದರೆ ಅದೇ ವ್ಯಾಯಾಮ. ಆದರೆ ಮೊದಲು ಒರಳು ಇತ್ತು, ಬೀಸುವ ಕಲ್ಲು ಇತ್ತು, ಬಾವಿ ಇತ್ತು. ಈಗ ಮಿಕ್ಸಿ, ಗಿರಣಿ, ನಲ್ಲಿ. ಅದು ಒಳ್ಳೆಯದೇ. ಒರಳಿಗೆ ಹಿಂದಿರುಗಿ ಅಂತ ಯಾರೂ ಹೇಳುವುದಿಲ್ಲ. ಆದರೆ ದಣಿವು ಬೇರೆ, ವ್ಯಾಯಾಮ ಬೇರೆ. ಬೀಡಿ ಕಟ್ಟಿ, ಊದುಬತ್ತಿ ಹೊಸೆದು, ಹೊಲಿಗೆ ಹಾಕಿ ಕೂತಲ್ಲೇ ದಣಿದರೆ ರಕ್ತನಾಳಕ್ಕೆ ಅದು ಸಾಲದು. ಉಸಿರು ಸ್ವಲ್ಪ ಜೋರಾಗಬೇಕು.

*ರಸ್ತೆಯಲ್ಲಿ ನಡೆದ್ರೆ ಜನ ನಗ್ತಾರೆ. "ಇವಳಿಗೆ ಕೆಲಸ ಇಲ್ವಾ" ಅಂತಾರೆ.*
ಒಬ್ಬರೇ ಹೋದರೆ ನಗುತ್ತಾರೆ. ಐದು ಜನ ಹೋದರೆ ಸುಮ್ಮನಾಗುತ್ತಾರೆ. ಸಂಘದವರೆಲ್ಲ ಸೇರಿ ಹೊರಡಿ.

*ಉಪವಾಸ ಮಾಡ್ಲಾ? ತೂಕ ಇಳಿಸೋ ಪುಡಿ ತಗೊಳ್ಲಾ?*
ಎರಡೂ ಬೇಡ. ಹಗಲೆಲ್ಲ ಹಸಿದು ರಾತ್ರಿ ಎರಡರಷ್ಟು ಉಂಡರೆ ಏನು ಬಂತು? ಹೆಸರು ಗೊತ್ತಿಲ್ಲದ ಪುಡಿಗೆ ದುಡ್ಡು ಸುರಿಯಬೇಡಿ.

*ಒಂದ್ಸಲ ಗೋಡೆ ಕೆಟ್ರೆ ಸರಿ ಹೋಗುತ್ತಾ?*
ಬೆಳೆದ ಗಡ್ಡೆ ಪೂರ್ತಿ ಮಾಯವಾಗುವುದು ಕಷ್ಟ. ಆದರೆ ಒಳಪದರ ಜೀವ ಇರುವಂಥದ್ದು. ನಡೆದರೆ, ತೂಕ ಇಳಿಸಿದರೆ ಅದು ಚೇತರಿಸಿಕೊಳ್ಳುತ್ತದೆ. ಬಿ.ಪಿ. ಇಳಿಯುತ್ತದೆ. ನೂರಕ್ಕೆ 5 ಪಾಲು ತೂಕ ಇಳಿದರೂ ಗುಣ ಕಾಣುತ್ತದೆ. 70 ಕಿಲೋ ಇದ್ದವರಿಗೆ ಅದು ಮೂರೂವರೆ ಕಿಲೋ. ಅವಸರ ಬೇಡ. ನಾಲ್ಕಾರು ತಿಂಗಳು ತೆಗೆದುಕೊಳ್ಳಿ.

9. ಲೆಕ್ಕ ಮಾಡೋಣ

ಎಣ್ಣೆಯ ಲೆಕ್ಕ: ಒಂದು ಮನೆಯಲ್ಲಿ 5 ಜನ. ತಿಂಗಳಿಗೆ 4 ಲೀಟರ್ ಎಣ್ಣೆ ಖರ್ಚು. 4 ಲೀಟರ್ ಅಂದರೆ 4,000 ಮಿಲಿಲೀಟರ್. 4,000 ಭಾಗಿಸು 5 = 800. ತಲೆಗೆ 800 ಮಿಲಿಲೀಟರ್ ಆಯಿತು. ತಲೆಗೆ ತಿಂಗಳಿಗೆ ಅರ್ಧ ಲೀಟರಿನ ಆಸುಪಾಸು ಸಾಕು. ಈ ಮನೆಗೆ ಎರಡೂವರೆ ಲೀಟರ್ ಸಾಕಾಗಿತ್ತು. ಒಂದೂವರೆ ಲೀಟರಿನ ದುಡ್ಡೂ ಉಳಿಯುತ್ತಿತ್ತು.

ಸಕ್ಕರೆಯ ಲೆಕ್ಕ: ದಿನಕ್ಕೆ 4 ಲೋಟ ಕಾಫಿ. ಲೋಟಕ್ಕೆ 2 ಚಮಚ ಸಕ್ಕರೆ. 4 ಗುಣಿಸು 2 = 8 ಚಮಚ. ಚಮಚಕ್ಕೆ 5 ಗ್ರಾಂ. 8 ಗುಣಿಸು 5 = 40 ಗ್ರಾಂ. ತಿಂಗಳಿಗೆ 40 ಗುಣಿಸು 30 = 1,200 ಗ್ರಾಂ. ಬರೀ ಕಾಫಿಯಲ್ಲೇ ಒಬ್ಬರು ಒಂದು ಕಿಲೋ ಇನ್ನೂರು ಗ್ರಾಂ ಸಕ್ಕರೆ ತಿಂದಂತಾಯಿತು!

ಈಗ ನಿಮ್ಮ ಮನೆಯ ಲೆಕ್ಕ ಬರೆಯಿರಿ.

10. ಏನು ಮಾಡಬೇಕು?

ತಟ್ಟೆ ನೋಡಿಕೊಳ್ಳಿ. ಅನ್ನ ಒಂದು ಪಾಲು ಕಡಿಮೆ, ಸೊಪ್ಪು ತರಕಾರಿ ಒಂದು ಪಾಲು ಹೆಚ್ಚು. ಮುದ್ದೆ ಒಳ್ಳೆಯದು, ಆದರೆ ಅದನ್ನೂ ಅಳತೆಯಲ್ಲಿ ಉಣ್ಣಿ. ಹುರುಳಿ, ಅವರೆ, ಹೆಸರು, ಅಲಸಂದೆ ಸಾರಿಗೆ ಹಾಕಿ. ಬೋಂಡ, ಬಜ್ಜಿ, ಚಿಪ್ಸು ಹಬ್ಬಕ್ಕೆ ಇರಲಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಉಪ್ಪು ಇಳಿಸಿ. ಒಬ್ಬರಿಗೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂಗಿಂತ ಕಡಿಮೆ ಇರಲಿ. ಅಂದರೆ ಒಂದು ಚಿಕ್ಕ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲೂ ಉಪ್ಪಿದೆ.

ಮಿಕ್ಕಿದ್ದನ್ನು ಹೊಟ್ಟೆಗೆ ಹಾಕಬೇಡಿ. ಎಲ್ಲರಿಗೂ ಬಡಿಸಿ ನಾವು ಕೊನೆಗೆ ಕೂರುತ್ತೇವೆ. ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಪಾತ್ರೆಯಲ್ಲಿ ಮಿಕ್ಕಿದ್ದು, ಬಿಸಾಡಬಾರದು ಅಂತ ನಾವೇ ತಿನ್ನುತ್ತೇವೆ. ಅನ್ನ ಬಿಸಾಡಬಾರದು ನಿಜ. ಅದಕ್ಕೆ ಅಳತೆ ನೋಡಿ ಅಡುಗೆ ಮಾಡೋಣ. ಮನೆಯವರ ಜೊತೆಗೇ ಕೂತು ಉಣ್ಣೋಣ.

ನಡೆಯಿರಿ. ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ. ಒಟ್ಟು 150 ನಿಮಿಷ. ಮಾತಾಡಲು ಬರಬೇಕು, ಹಾಡು ಹೇಳಲು ಬರಬಾರದು. ಅಷ್ಟು ಬಿರುಸು ಸಾಕು. ಒಂದೇ ಸಲ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ ನಡೆಯಿರಿ. ಮೊದಲೇ ಎದೆನೋವು, ಏದುಸಿರು ಇದ್ದವರು ಡಾಕ್ಟರನ್ನು ಕೇಳಿ ಶುರು ಮಾಡಿ.

ಹೊಗೆಸೊಪ್ಪು ಬಿಡಿ. ಎಲೆಅಡಿಕೆ ಜೊತೆ ಹಾಕುವ ಹೊಗೆಸೊಪ್ಪು, ಕಡ್ಡಿಪುಡಿ ಎರಡೂ ರಕ್ತನಾಳಕ್ಕೆ ಕೇಡು.

ಪರೀಕ್ಷೆ ಮಾಡಿಸಿ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಪುಕ್ಕಟೆ ನೋಡುತ್ತಾರೆ. ಚೀಟಿಯಲ್ಲಿ ಬರೆದ ಅಂಕಿ ನೀವೇ ಓದಿ. ಬಿ.ಪಿ. 140/90 ಅಥವಾ ಹೆಚ್ಚಿದ್ದರೆ ಮತ್ತೊಂದು ದಿನ ತೋರಿಸಿ. ಬರಿಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚಿದ್ದರೆ ಡಾಕ್ಟರನ್ನು ಕಾಣಿ. ಮಾತ್ರೆ ಕೊಟ್ಟರೆ, ಹುಷಾರಾದೆ ಅಂತ ನೀವಾಗಿಯೇ ನಿಲ್ಲಿಸಬೇಡಿ.

ಗಂಡನ ಮಾತ್ರೆ ನಮಗೆ ನೆನಪಿರುತ್ತದೆ. ಅತ್ತೆಯ ಮಾತ್ರೆ ನೆನಪಿರುತ್ತದೆ. ನಮ್ಮ ಬಿ.ಪಿ. ಎಷ್ಟು ಅಂತ ಕೇಳಿದರೆ ಗೊತ್ತಿರುವುದಿಲ್ಲ. ಇದು ಬದಲಾಗಬೇಕು.

11. ತಡ ಮಾಡಬಾರದ ಗುರುತುಗಳು

ಎದೆ ಹಿಂಡಿದಂತೆ ನೋವು. ತೋಳು, ದವಡೆ ಅಥವಾ ಬೆನ್ನಿಗೆ ಹರಿಯುವ ನೋವು. ಏದುಸಿರು. ತಣ್ಣನೆಯ ಬೆವರು. ಹೆಂಗಸರಲ್ಲಿ ಕೆಲವು ಸಲ ಎದೆನೋವು ಇಲ್ಲದೆಯೂ ಇರಬಹುದು. ವಾಂತಿ ಬಂದಂತೆ, ವಿಪರೀತ ಸುಸ್ತಾದಂತೆ ಅನ್ನಿಸಬಹುದು. "ಗ್ಯಾಸು ಕಣೇ" ಅಂತ ಓಮಿನ ನೀರು ಕುಡಿದು ಮಲಗಬೇಡಿ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು: ಇವು ಲಕ್ವದ ಗುರುತು.

ಯಾವುದೇ ಕಂಡರೂ ಕೂಡಲೇ 108ಕ್ಕೆ ಫೋನು ಮಾಡಿ. ಅಡುಗೆ ಮುಗಿಸಿ ಹೋಗೋಣ ಅನ್ನಬೇಡಿ. ಬೆಳಗಾಗಲಿ ಅನ್ನಬೇಡಿ.

ಹೊಸ ಪದಗಳು

ಅಪಧಮನಿ: ಹೃದಯದಿಂದ ರಕ್ತ ಒಯ್ಯುವ ನಾಳ
ಪದರ: ಒಂದರ ಮೇಲೊಂದು ಹಾಸಿದ್ದು
ಉರಿಯೂತ: ಕೆಂಪಾಗಿ ಊದಿಕೊಳ್ಳುವುದು
ಸುತ್ತಳತೆ: ಸುತ್ತಲಿನ ಅಳತೆ
ಹೃದಯಾಘಾತ: ಹೃದಯದ ನಾಳ ಮುಚ್ಚಿ ಆಗುವ ಅಪಾಯ

ಬಿಟ್ಟ ಜಾಗ ತುಂಬಿ

1. ರಕ್ತನಾಳದ ಗೋಡೆಗೆ ______ ಪದರಗಳಿವೆ.
2. ಹೆಂಗಸರ ಹೊಟ್ಟೆಯ ಸುತ್ತಳತೆ ______ ಸೆಂಟಿಮೀಟರ್ ದಾಟಬಾರದು.
3. ವಾರಕ್ಕೆ ______ ನಿಮಿಷ ನಡೆಯಬೇಕು.
4. ತುರ್ತಿಗೆ ______ಕ್ಕೆ ಫೋನು ಮಾಡಬೇಕು.

ಮಾತಾಡೋಣ

1. ನಮ್ಮ ಊರಿನಲ್ಲಿ ಹೆಂಗಸರು ನಡೆಯಲು ಒಳ್ಳೆಯ ಜಾಗ ಯಾವುದು? ದೀಪ ಇದೆಯೇ? ಇಲ್ಲದಿದ್ದರೆ ಪಂಚಾಯಿತಿಗೆ ಅರ್ಜಿ ಬರೆಯೋಣವೇ?
2. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣಲು ಅಡ್ಡಿ ಏನು?

ಬರೆಯಿರಿ

ನಿಮ್ಮ ಪುಸ್ತಕದಲ್ಲಿ ಹೀಗೆ ನಾಲ್ಕು ಸಾಲು ಬರೆಯಿರಿ. ಮೂರು ತಿಂಗಳ ಮೇಲೆ ಮತ್ತೆ ಅಳೆದು ಪಕ್ಕದಲ್ಲೇ ಬರೆಯಿರಿ.

ನನ್ನ ಹೆಸರು: ______
ಇಂದಿನ ತಾರೀಕು: ______
ನನ್ನ ಹೊಟ್ಟೆಯ ಸುತ್ತಳತೆ: ______ ಸೆಂಟಿಮೀಟರ್
ನನ್ನ ಬಿ.ಪಿ.: ______